ಸೋಮವಾರದ ಗುಲಗಂಜಿ ಹುಳುಗಳು

ಕುಮಟೆ ಹತ್ತಿರದ ಬಾಡ ಊರಿನ ಲಕ್ಕಿಗೆ ಈಗ ಐವತ್ತಾರು ವರ್ಷ. ಒಳನಾಡಿನ ಕತಗಾಲದ ಕಡೆಯಿಂದ ಮದುವೆಯಾಗಿ ಬಂದಾಗ ಉಪ್ಪುನೀರಿನ ಗದ್ದೆ ಹೇಗಿರುತ್ತದೆಂದು ಅವಳು ಕಂಡಿರಲಿಲ್ಲ. ಇಲ್ಲಿ ಗಂಡನ ಮನೆಯ ಹಿಂದೆಯೇ ಗಜನಿ. ಸಮುದ್ರದ ಭರತಕ್ಕೆ ಏರುವ ಅಘನಾಶಿನಿ ಹೊಳೆಯ ನೀರು ಕಟ್ಟೆಯ ಬುಡದವರೆಗೆ ಬಂದು ನಿಲ್ಲುವ ತಗ್ಗು ನೆಲ ಅದು. ಮಳೆಗಾಲದಲ್ಲಿ ಅಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ನೀರು ಏರಿದಷ್ಟೂ ಎತ್ತರ ಬೆಳೆದು, ಉಪ್ಪು ತಾಗಿದರೂ ಸಾಯದ ಭತ್ತ. ಮೊದಲ ವರ್ಷದ ಕೊಯ್ಲಿಗೆ ಸೊಂಟಮಟ್ಟದ ನೀರಿನಲ್ಲಿ ಇಳಿಸಿದಾಗ ಲಕ್ಕಿ ಅತ್ತಿದ್ದಳಂತೆ. ಮೂರನೆಯ ವರ್ಷಕ್ಕೆ ಅವಳೇ ಉಳಿದ ಹೆಂಗಸರಿಗೆ ಮುಂದಾಳಾದಳು. ಗಂಡ ಜಟ್ಟಿ ಕಟ್ಟೆ ಕಟ್ಟುವ ಕೆಲಸದವನು. ಈಗ ಉಬ್ಬಸವಿದ್ದು, ಜಗಲಿಯಲ್ಲಿ ಕೂತು ಬಲೆ ಹೆಣೆಯುತ್ತಾನೆ, ದಾರಿಹೋಕರನ್ನು ಮಾತಿಗೆ ಎಳೆಯುತ್ತಾನೆ.

ಲಕ್ಕಿ ಶಾಲೆಗೆ ಹೋದದ್ದು ಎರಡನೆಯ ಇಯತ್ತೆಯವರೆಗೆ. ಅಂಕಿ ಬರೆಯಲು ಬರುತ್ತದೆ, ಅಕ್ಷರ ಮರೆತುಹೋಗಿದೆ. ಆದರೆ ಅವಳ ಕಣ್ಣು ಬೇರೆ. ಪೈರಿನ ಬುಡದಲ್ಲಿ ಅಡಗಿ ರಸ ಹೀರುವ ಕಂದು ಜಿಗಿಹುಳು, ಎಲೆಯ ತುದಿಯಲ್ಲಿ ಕೂತ ಕೆಂಪು ಗುಲಗಂಜಿ ಹುಳು, ನೀರಿನ ಮೇಲೆ ಓಡುವ ಜೇಡ ಎಲ್ಲವೂ ಅವಳಿಗೆ ನಡೆಯುತ್ತಲೇ ಕಾಣುತ್ತವೆ. ಆ ಕಣ್ಣಿನಿಂದಾಗಿಯೇ ಅವಳಿಗೂ ಸುಪ್ರಿಯಾಗೂ ಗುರುತಾಯಿತು.

ಸುಪ್ರಿಯಾ ಭಟ್ಕಳದವಳು. ತಂದೆ ವೆಂಕಟ್ರಮಣ ಅಲ್ಲಿ ಸಣ್ಣ ಬಟ್ಟೆ ಅಂಗಡಿ ಇಟ್ಟಿದ್ದಾರೆ, ಮನೆಮಾತು ಕೊಂಕಣಿ. ಹುಳುಗಳ ಬಗ್ಗೆಯೇ ಓದಿ ಡಾಕ್ಟರೇಟ್ ಪಡೆದವಳು. ಅದಾದ ಮೇಲೂ ಕೆಲಸ ಕಾಯಂ ಆಗುವ ಮುಂಚೆ ಎರಡು ಮೂರು ವರ್ಷ ಸಂಶೋಧನೆ ಮಾಡಬೇಕಾಗುತ್ತದೆ, ಪೋಸ್ಟ್‌ಡಾಕ್ ಎನ್ನುತ್ತಾರೆ. ಅದಕ್ಕಾಗಿ ಅವಳು ಆರಿಸಿಕೊಂಡದ್ದು ಈ ಗಜನಿಯನ್ನು. ಯಾರೂ ಮದ್ದು ಹೊಡೆಯದ ಈ ಗದ್ದೆಯಲ್ಲಿ ಜಿಗಿಹುಳು ಯಾಕೆ ಮಿತಿಮೀರುವುದಿಲ್ಲ, ಅದನ್ನು ಯಾರು ತಿನ್ನುತ್ತಾರೆ ಎಂಬುದು ಅವಳ ಪ್ರಶ್ನೆ.

ಮೊದಲ ದಿನ ಅವಳು ಪ್ಯಾಂಟು ಮಡಚಿಕೊಂಡು ಕಟ್ಟೆಯ ಪಕ್ಕ ಬಗ್ಗಿ ನಿಂತದ್ದನ್ನು ಲಕ್ಕಿ ಬಹಳ ಹೊತ್ತು ನೋಡಿದಳು.

"ಎಂತ ಹುಡುಕ್ತ್ರಿ ಮೇಡಂ? ಬಂಗಾರ ಗಿಂಗಾರ ಬಿದ್ದೋಯ್ತಾ?"

"ಇಲ್ಲ, ಹುಳು ಹಿಡೀತಾ ಇದ್ದೆ."

"ಹುಳು ಹಿಡೂಕೆ ಪೇಟೆಯಿಂದ ಬರ್ಬೇಕಾ? ನಮ್ಮನೆ ಅಕ್ಕಿ ಡಬ್ಬಿ ತಂದ್ಕೊಡ್ತಿದ್ನಲ್ಲೆ!"

ಸುಪ್ರಿಯಾ ನಕ್ಕು, ತನಗೆ ಬೇಕಾದ ಕೆಂಪು ಹುಳುವಿನ ಚಿತ್ರ ತೋರಿಸಿದಳು. ಒಂದು ಗಂಟೆಯಲ್ಲಿ ಅವಳಿಗೆ ಸಿಕ್ಕಿದ್ದು ನಾಲ್ಕು. ಲಕ್ಕಿ ನೀರಿಗಿಳಿದು ಅರ್ಧ ಗಂಟೆಯಲ್ಲಿ ಇಪ್ಪತ್ತು ಹಿಡಿದಳು. ಒಂದರ ರೆಕ್ಕೆಯೂ ಮುರಿದಿರಲಿಲ್ಲ.

ಆ ದಿನ ಸಂಜೆ ಜಟ್ಟಿಯ ಜಗಲಿಯಲ್ಲಿ ಚಹಾ ಕುಡಿಯುತ್ತ ಸುಪ್ರಿಯಾ ತನ್ನ ಕೆಲಸವನ್ನು ವಿವರಿಸಿದಳು. ಹುಳು ತಿಂದದ್ದರ ಗುರುತು ಅದರ ಹೊಟ್ಟೆಯಲ್ಲಿ ಸ್ವಲ್ಪ ಉಳಿದಿರುತ್ತದೆ. ಪ್ರತಿ ಜೀವಿಗೂ ತನ್ನದೇ ಗುರುತು, ಅದಕ್ಕೆ ಡಿಎನ್‌ಎ ಅನ್ನುತ್ತಾರೆ. ಆ ಗುರುತನ್ನು ಹುಡುಕಿದರೆ ಗುಲಗಂಜಿ ಹುಳು ಜಿಗಿಹುಳುವನ್ನು ತಿಂದಿತ್ತೋ ಇಲ್ಲವೋ ಹೇಳಬಹುದು.

"ಬೆಕ್ಕು ಮೀನ್ ತಿಂದದ್ದು ಗೊತ್ತಾಗೂಕೆ ಹೊಟ್ಟೆ ಸೀಳೂದ್ ಬೇಡ ಮೇಡಂ," ಎಂದ ಜಟ್ಟಿ. "ಮೂತಿ ಮೂಸಿದ್ರೆ ಸಾಕು."

"ಇವುಗಳ ಮೂತಿ ಮೂಸೂಕೆ ಅಷ್ಟು ಸಣ್ಣ ಮೂಗು ನಂಗಿಲ್ಲ, ಜಟ್ಟಣ್ಣ."

ಹೀಗೆ ಲಕ್ಕಿ ಆ ಕೆಲಸಕ್ಕೆ ಸೇರಿದಳು. ಒಂದು ಶೀಸೆಗೆ ಒಂದೇ ಹುಳು. ಚಿಮಟದಲ್ಲಿ ಹಿಡಿದು ಹೆಬ್ಬೆರಳುದ್ದದ ಪ್ಲಾಸ್ಟಿಕ್ ಶೀಸೆಗೆ ಹಾಕುವುದು, ತಕ್ಷಣ ಸ್ಪಿರಿಟ್ ಸುರಿಯುವುದು, ಪೆನ್ಸಿಲಿನಲ್ಲಿ ನಂಬರು ಬರೆದ ಚೀಟಿ ಒಳಗಿಡುವುದು, ಮುಚ್ಚಳ ಬಿಗಿಯುವುದು. ಮೊದಲ ಮಳೆಗಾಲ ಸುಮ್ಮನೆ ಒಂದು ಪ್ರಯೋಗ ನೋಡಿದರು. ಸಿಕ್ಕ ಹುಳುಗಳು ಕಡಿಮೆ, ಆದರೆ ಲಕ್ಕಿಯ ಕೈ ಕುದುರಿತು. ಅಷ್ಟರಲ್ಲಿ ಅವಳ ಬಾಯಲ್ಲಿ ಮೇಡಂ ಹೋಗಿ ತಂಗಿ ಬಂದಿತ್ತು. ಸುಪ್ರಿಯಾ ಅವಳನ್ನು ಲಕ್ಕಿಯಕ್ಕ ಎನ್ನುತ್ತಿದ್ದಳು.

ಎರಡನೆಯ ಮಳೆಗಾಲದ್ದು ನಿಜವಾದ ಕೆಲಸ. ಮೂರು ಜಾಗ ಗೊತ್ತುಮಾಡಿದರು. ಹೊಳೆಯ ಕಟ್ಟೆಗೆ ತಾಗಿದ ಗದ್ದೆಯಲ್ಲಿ ಸೋಮವಾರ, ನಡುವಿನದರಲ್ಲಿ ಬುಧವಾರ, ಊರಿನ ಕಡೆಯ ಮೇಲುಗದ್ದೆಯಲ್ಲಿ ಶುಕ್ರವಾರ. ಸುಪ್ರಿಯಾಗೆ ಹೊನ್ನಾವರದ ಒಂದು ಕಾಲೇಜಿನವರು ಹಿಂದಿನ ಕೋಣೆಯನ್ನೂ ಒಂದು ಫ್ರೀಜರನ್ನೂ ಬಿಟ್ಟುಕೊಟ್ಟಿದ್ದರು. ಬದಲಿಗೆ ಸೋಮವಾರವಿಡೀ ಅವಳು ಅಲ್ಲಿ ಪಾಠ ಮಾಡಬೇಕಿತ್ತು. ಹಾಗಾಗಿ ಸೋಮವಾರದ ಹುಳು ಹಿಡಿಯುವುದು ಲಕ್ಕಿ ಒಬ್ಬಳೇ. ಬೆಳಿಗ್ಗೆ ಪಾತಿದೋಣಿಯಲ್ಲಿ ಕಟ್ಟೆಯ ಬದಿಗೆ ಹೋಗಿ ಹದಿನೈದು ಹಿಡಿದು ತರುವುದು, ಮಂಗಳವಾರ ಸುಪ್ರಿಯಾ ಬಂದು ಒಯ್ಯುವುದು.

ಆ ವರ್ಷವೇ ಲಕ್ಕಿ ಹರಕೆ ಹೊತ್ತಳು.

ಅವಳ ಮಗಳು ಭಾಗ್ಯಲಕ್ಷ್ಮಿಯನ್ನು ಹೊನ್ನಾವರಕ್ಕೆ ಕೊಟ್ಟಿದೆ. ಮೊದಲ ಬಸಿರು ನಾಲ್ಕು ತಿಂಗಳಿಗೆ ಹೋಯಿತು. ಎರಡನೆಯದು ಏಳು ತಿಂಗಳಿಗೆ. ಆ ಎರಡನೆಯದು ಗಂಡು, ಕೈಯ ಉಗುರು ಕೂಡ ಮೂಡಿತ್ತು. ಅದನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಾಗ ತೆಗೆದುಕೊಂಡವಳು ಲಕ್ಕಿ. ಆ ಭಾರದ ಮಾತನ್ನು ಅವಳು ಒಂದೇ ಸಲ ಆಡಿದ್ದಾಳೆ, ಅವಳಿಂದ ಈ ಕತೆ ಕೇಳಿದ ನಾನೂ ಎರಡನೆಯ ಸಲ ಕೇಳಲಿಲ್ಲ. ಮೂರನೆಯ ಸಲ ಭಾಗ್ಯ ಬಸಿರಾದ ಸುದ್ದಿ ಬಂದದ್ದು ಆಷಾಢದಲ್ಲಿ. ಶ್ರಾವಣದ ಮೊದಲ ಸೋಮವಾರ ಲಕ್ಕಿ ಧಾರೇಶ್ವರಕ್ಕೆ ಹೋಗಿ ಶಿವನ ಎದುರು ನಿಂತು ಮನಸ್ಸಿನಲ್ಲೇ ಹೇಳಿಕೊಂಡಳು: ಕೂಸು ಕೈಗೆ ಬರುವ ತನಕ ಸೋಮವಾರ ನನ್ನ ಕೈಯಿಂದ ಒಂದು ಜೀವವೂ ಹೋಗುವುದಿಲ್ಲ.

ಸೋಮವಾರ ಮೀನು ಮುಟ್ಟದಿರುವುದು ನಮ್ಮ ಕಡೆ ಎಷ್ಟೋ ಮನೆಗಳಲ್ಲಿದೆ. ಅದು ರೂಢಿ, ಯಾರೂ ಅದನ್ನು ದೊಡ್ಡದು ಮಾಡುವುದಿಲ್ಲ. ಲಕ್ಕಿಯದು ಅದಕ್ಕಿಂತ ಮುಂದೆ ಹೋಯಿತು. ಆ ದಿನ ಅವಳು ಸೊಳ್ಳೆ ಹೊಡೆಯುತ್ತಿರಲಿಲ್ಲ, ಒಲೆಗೆ ಸೌದೆ ಇಡುವ ಮುಂಚೆ ಇರುವೆ ಇದೆಯೇ ಎಂದು ಕುಟ್ಟಿ ನೋಡುತ್ತಿದ್ದಳು. ಯಾರಿಗೂ ಹೇಳಲಿಲ್ಲ. ಹೊತ್ತ ಹರಕೆ ತೀರುವ ಮುಂಚೆ ಬಾಯಿ ಬಿಟ್ಟರೆ ಅದು ನಿಲ್ಲುವುದಿಲ್ಲ ಎಂದು ಅವಳ ತಾಯಿ ಹೇಳಿದ್ದು. ಜಟ್ಟಿಗೂ ಗೊತ್ತಿರಲಿಲ್ಲ.

ಹುಳುಗಳದ್ದು ಏನು ಮಾಡುವುದು? ಲಕ್ಕಿ ಯೋಚಿಸಿಯೇ ಒಂದು ದಾರಿ ಮಾಡಿಕೊಂಡಳು. ಸೋಮವಾರ ಹುಳು ಹಿಡಿದು ಶೀಸೆಗೆ ಹಾಕಿದಳು, ಚೀಟಿಯನ್ನೂ ಹಾಕಿದಳು, ಸ್ಪಿರಿಟ್ ಮಾತ್ರ ಹಾಕಲಿಲ್ಲ. ಮುಚ್ಚಳದ ಬದಲು ಉಸಿರಾಡುವಷ್ಟು ಹತ್ತಿ ತುರುಕಿದಳು. ದೇವರ ಕೋಣೆಯ ಪಕ್ಕದ ತಂಪಾದ ಗೂಡಿನಲ್ಲಿ ಸಾಲಾಗಿ ನಿಲ್ಲಿಸಿದಳು. ಮಂಗಳವಾರ ಬೆಳಿಗ್ಗೆ ಮಿಂದು ದೀಪ ಹಚ್ಚಿ, ಆಮೇಲೆ ಒಂದೊಂದಕ್ಕೂ ಸ್ಪಿರಿಟ್ ಸುರಿದು ಮುಚ್ಚಳ ಹಾಕಿದಳು. ಹತ್ತು ವಾರ ಹೀಗೆಯೇ ನಡೆಯಿತು.

ತಕ್ಷಣ ಎಂದು ಸುಪ್ರಿಯಾ ಹೇಳಿದ್ದು ಅವಳಿಗೆ ನೆನಪಿತ್ತು. ಆದರೆ ಆ ತಕ್ಷಣವನ್ನು ಅವಳು ತನಗೆ ತಿಳಿದ ಕೆಲಸದಿಂದ ಅರ್ಥಮಾಡಿಕೊಂಡಿದ್ದಳು. ಮೀನಿಗೆ ಉಪ್ಪು ಹಾಕುವುದೂ ತಕ್ಷಣವೇ ಆಗಬೇಕು, ಇಲ್ಲದಿದ್ದರೆ ಕೊಳೆಯುತ್ತದೆ. ಆದರೆ ಜೀವ ಇರುವ ಮೀನು ಕೊಳೆಯುವುದಿಲ್ಲ. ನೀರಿನ ಕೊಡದಲ್ಲಿ ಬಿಟ್ಟಿಟ್ಟರೆ ಮಾರನೆಯ ದಿನಕ್ಕೂ ತಾಜಾ. ಹುಳುವೂ ಹಾಗೆಯೇ ಎಂದುಕೊಂಡಳು. ನಾಳೆಯೂ ಅದೇ ಹುಳು, ಅದೇ ನಂಬರು. ಮೋಸ ಮಾಡುತ್ತಿದ್ದೇನೆ ಎಂದು ಅವಳಿಗೆ ಒಂದು ದಿನವೂ ಅನಿಸಲಿಲ್ಲ.

ಕೊಯ್ಲು ಮುಗಿಯಿತು. ಆ ವರ್ಷ ಕಟ್ಟೆಯ ಬದಿಯ ಗದ್ದೆಯಲ್ಲಿ ಅಲ್ಲಲ್ಲಿ ಪೈರು ಸುಟ್ಟಂತೆ ಒಣಗಿತ್ತು, ಜಿಗಿಹುಳುವಿನ ಕಾಟ. ಸುಪ್ರಿಯಾ ಶೀಸೆಗಳಲ್ಲಿದ್ದುದನ್ನು ಹೈದರಾಬಾದಿನ ಒಂದು ದೊಡ್ಡ ಪ್ರಯೋಗಾಲಯಕ್ಕೆ ಕೊಂಡೊಯ್ದು ಎರಡು ತಿಂಗಳು ಅಲ್ಲೇ ಇದ್ದಳು. ಫೆಬ್ರವರಿಯ ಮೊದಲ ವಾರ ಬಂದವಳೇ, ಸಿಕ್ಕಿದ್ದನ್ನು ಮೊದಲು ಗದ್ದೆಯವರಿಗೇ ಹೇಳಬೇಕು ಎಂದು ಶಾಲೆಯ ಜಗಲಿಯಲ್ಲಿ ಗಜನಿ ರೈತರ ಸಂಘದವರನ್ನು ಸೇರಿಸಿದಳು. ಮೂವತ್ತು ಜನ ಬಂದಿದ್ದರು. ಲಕ್ಕಿ ಹಿಂದಿನ ಕಂಬಕ್ಕೆ ಒರಗಿ ಕೂತಿದ್ದಳು.

ನಡುವಿನ ಗದ್ದೆಯಲ್ಲೂ ಮೇಲುಗದ್ದೆಯಲ್ಲೂ ಹತ್ತು ಗುಲಗಂಜಿ ಹುಳುಗಳಲ್ಲಿ ಏಳರ ಹೊಟ್ಟೆಯಲ್ಲಿ ಜಿಗಿಹುಳು ಸಿಕ್ಕಿತ್ತು. ಕಟ್ಟೆಯ ಬದಿಯದರಲ್ಲಿ ಹತ್ತಕ್ಕೆ ಎರಡು ಮಾತ್ರ. ಮೊದಲ ವರ್ಷದ ಪ್ರಯೋಗದಲ್ಲಿ ಹಾಗಿರಲಿಲ್ಲ, ಆದರೆ ಆಗ ಹಿಡಿದದ್ದೇ ಕೆಲವು. ಈ ಸಲ ಆಗಸ್ಟಿನಲ್ಲಿ ಕಟ್ಟೆ ಒಂದು ಕಡೆ ಒಡೆದು ಉಪ್ಪುನೀರು ನುಗ್ಗಿತ್ತಲ್ಲ, ಅದರಿಂದ ಹುಳುಗಳ ಊಟದ ರೀತಿ ಬದಲಾಗಿರಬಹುದು ಎಂದು ಸುಪ್ರಿಯಾ ಹೇಳಿದಳು. ಅಲ್ಲಿನ ಪೈರು ಒಣಗಿದ್ದಕ್ಕೂ ಇದು ತಾಳೆಯಾಗುತ್ತಿತ್ತು.

"ಹಾಗಾದ್ರೆ ಕಟ್ಟೆ ಬದಿಯ ಹುಳುಗೆ ಉಪವಾಸನಾ!" ಎಂದ ಸಂಘದ ಅಧ್ಯಕ್ಷ ರಾಘು. ಎಲ್ಲರೂ ನಕ್ಕರು. ಅವನು ನಗಲಿಲ್ಲ. "ತಿನ್ನದಿದ್ದ ಹುಳು ಇದ್ರೆಷ್ಟು ಬಿಟ್ರೆಷ್ಟು? ಮುಂದಿನ ಮಳೆಗಾಲಕ್ಕೆ ಕಟ್ಟೆ ಬದಿಗೆ ಮದ್ದು ಹೊಡ್ದುಬಿಡ್ವ. ನಮ್ಮಜ್ಜ ಹೊಡೀಲಿಲ್ಲ ಹೇಳಿ ನಾವೂ ಬಾಯಿಬಾಯಿ ಬಿಡ್ತಾ ಕೂರೂದಾ?"

"ತಿಂತವೆ," ಎಂದಳು ಲಕ್ಕಿ. ತಾನು ಇಷ್ಟು ಗಟ್ಟಿಯಾಗಿ ಹೇಳಿದೆ ಎಂದು ಅವಳಿಗೇ ಗೊತ್ತಾಗಲಿಲ್ಲ. "ಕಟ್ಟೆ ಬದಿಯವೂ ತಿಂತವೆ. ನಾ ಕಣ್ಣಾರೆ ಕಂಡಿದ್ದೆ."

"ಲಕ್ಕಿಗೆ ಹುಳುನೇ ಬಂದು ವರದಿ ಕೊಟ್ಟಿರ್ಬೇಕು," ಎಂದ ರಾಘು.

ಸುಪ್ರಿಯಾ ನಗದೆ ಅವಳ ಕಡೆ ತಿರುಗಿದಳು. "ಲಕ್ಕಿಯಕ್ಕ, ನೀನು ಕಂಡದ್ದು ಸುಳ್ಳಲ್ಲ. ಒಂದೆರಡು ತಿಂದಿರಬಹುದು. ಆದರೆ ನೂರೈವತ್ತು ಹುಳುಗಳ ಹೊಟ್ಟೆ ಹೇಳುವುದನ್ನು ನಾನು ನಂಬಬೇಕು. ಈ ಹುಳು ತಿಂದದ್ದು ಒಂದು ದಿನದೊಳಗೆ ಪೂರ್ತಿ ಕರಗಿಹೋಗುತ್ತದೆ. ಗುರುತೇ ಉಳಿಯುವುದಿಲ್ಲ. ಅದಕ್ಕೇ ಅಲ್ಲವಾ ಹಿಡಿದ ಕೂಡಲೇ ಸ್ಪಿರಿಟಿಗೆ ಹಾಕಿಸಿದ್ದು? ಜೀವ ಹೋದ ಕೂಡಲೇ ಹೊಟ್ಟೆಯ ಕೆಲಸವೂ ನಿಲ್ಲುತ್ತದೆ."

ಗೂಡಿನಲ್ಲಿ ಸಾಲಾಗಿ ನಿಂತ ಶೀಸೆಗಳು, ಅವುಗಳ ಗೋಡೆ ಹತ್ತಿ ಇಳಿಯುತ್ತಿದ್ದ ಕೆಂಪು ಹುಳುಗಳು ಲಕ್ಕಿಯ ಕಣ್ಣಿಗೆ ಬಂದವು. ಅವು ತಿಂದಿದ್ದವು. ಹಸಿದು ಕಾಯುವಂತೆ ಮಾಡಿದವಳು ತಾನು.

ಹೊರಡುವಾಗ ಸುಪ್ರಿಯಾ ಸಂತೋಷದಲ್ಲಿದ್ದಳು. ತಿಂಗಳ ಕೊನೆಗೆ ಲೇಖನ ಕಳಿಸಬೇಕು, ಮಾರ್ಚಿಗೆ ತನ್ನ ಅವಧಿ ಮುಗಿಯುತ್ತದೆ, ಅದೇ ಹೊತ್ತಿಗೆ ಒಂದು ಕಾಯಂ ಹುದ್ದೆಯ ಸಂದರ್ಶನ ಇದೆ ಎಂದಳು. ಉಪ್ಪುನೀರು ಹುಳುವಿನ ಊಟವನ್ನು ಬದಲಿಸುತ್ತದೆ ಎಂಬುದು ಹೊಸ ಮಾತಂತೆ, ಇಲ್ಲಿಯವರೆಗೆ ಯಾರೂ ತೋರಿಸಿಲ್ಲವಂತೆ. "ನಿನ್ನ ಸೋಮವಾರದ ಹುಳುಗಳೇ ನನ್ನ ಕೈ ಹಿಡಿದದ್ದು, ಲಕ್ಕಿಯಕ್ಕ," ಎಂದು ಅವಳ ಎರಡೂ ಕೈ ಹಿಡಿದುಕೊಂಡಳು.

ಅಂದಿನಿಂದ ಒಂಬತ್ತು ದಿನ ಲಕ್ಕಿ ಬಾಯಿ ಬಿಡಲಿಲ್ಲ. ಬಿಟ್ಟರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂಬುದಕ್ಕೆ ಅವಳಲ್ಲಿ ಇದ್ದದ್ದು ಹರಕೆ ಒಂದೇ, ಸುಳ್ಳು ಕಟ್ಟಿ ಹೇಳುವ ಅಭ್ಯಾಸ ಅವಳಿಗಿಲ್ಲ. ಭಾಗ್ಯಳಿಗೆ ಆಗ ಎಂಟನೆಯ ತಿಂಗಳು ಹಿಡಿದಿತ್ತು. ಇಷ್ಟು ದೂರ ಬಂದದ್ದು ಇದೇ ಮೊದಲು. ಹೇಳಿದ ದಿನವೇ ಏನಾದರೂ ಆದರೆ? ಹೇಳದಿದ್ದರೆ ಸುಪ್ರಿಯಾ ಸುಳ್ಳನ್ನು ಸತ್ಯವೆಂದು ಅಚ್ಚು ಹಾಕಿಸುತ್ತಾಳೆ, ಜೂನಿನಲ್ಲಿ ಕಟ್ಟೆಯ ಬದಿಗೆ ಮದ್ದು ಬೀಳುತ್ತದೆ. ಒಂದು ದಿನ ಎರಡು ಬಟ್ಟಲು ಗಂಜಿ ಹಾಗೇ ಉಳಿಸಿದ್ದನ್ನು ಕಂಡು ಜಟ್ಟಿ ಕೇಳಿದ.

"ಎಂತಾ ಆತು ನಿಂಗೆ? ರಾಘು ಹೇಳಿದ್ದು ತಾಗ್ತಾ?"

"ಅವ್ನ ಮಾತು ಯಾರಿಗೆ ತಾಗ್ತದೆ."

"ಮತೆ?"

"ಎಂತಿಲ್ಲ."

"ಎಂತಿಲ್ಲದ್ದು ಇಷ್ಟು ದೊಡ್ಡ ಇರ್ತದಾ ಮಾರಾಯ್ತಿ," ಎಂದು ಅವನು ಬಲೆಯ ಕಡೆಗೆ ತಿರುಗಿಕೊಂಡ.

ಅವಳು ಧಾರೇಶ್ವರಕ್ಕೆ ಹೋದಳು. ಅಪ್ಪಣೆ ಸಿಗಬಹುದು ಎಂದು ಪೂಜೆ ಮುಗಿದು ಬಾಗಿಲು ಹಾಕುವವರೆಗೆ ಕೂತಳು. ಏನೂ ಸಿಗಲಿಲ್ಲ. ಸಮುದ್ರದ ಸದ್ದು ಕೇಳುತ್ತಿತ್ತು ಅಷ್ಟೆ. ಅಲ್ಲಿಂದ ಮನೆಗೆ ಹೋಗದೆ ಹೊನ್ನಾವರದ ಬಸ್ಸು ಹತ್ತಿ ಮಗಳ ಮನೆಗೆ ಹೋದಳು.

ಭಾಗ್ಯ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ತಾಯಿಯ ಕೈ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒಳಗಿನಿಂದ ಒಂದು ಒದೆ ಬಿತ್ತು, ಇನ್ನೊಂದು ಬಿತ್ತು. ಲಕ್ಕಿ ಕೈ ಹಿಂದಕ್ಕೆ ತೆಗೆದಳು.

"ಯಾಕವ್ವಾ?"

"ಸುಮ್ಮನೆ."

ಭಾಗ್ಯ ತಾಯಿಯ ಮುಖವನ್ನೇ ನೋಡಿದಳು. "ನನ್ನ ಹೆಸರಲ್ಲಿ ಎಂತದೋ ಹೊತ್ತಿದ್ದೆ ನೀನು. ಅಲ್ದಾ?"

ಲಕ್ಕಿ ಬಾಗಿಲ ಕಡೆ ನೋಡಿದಳು.

"ಹೇಳೂಕಾಗ್ದಿದ್ರೆ ಹೇಳ್ಬೇಡ. ಆದ್ರೆ ನೀನು ಹೀಗೆ ಒಣಗಿ ಕೂತ್ರೆ ನಂಗೆ ಹೆದ್ರಿಕೆ ಆತದೆ ಅವ್ವಾ. ಆ ಎರಡು ಸಲವೂ ಎಲ್ಲರೂ ನಂಗೆ ಹೇಳ್ದೆ ಮುಚ್ಚಿಟ್ರು. ಡಾಕ್ಟ್ರು ಹೇಳಿದ್ದನ್ನೂ ಮುಚ್ಚಿಟ್ರು. ಮುಚ್ಚಿಟ್ಟದ್ರಿಂದ ಉಳೀತಾ?"

ಭಾಗ್ಯ ತಾಯಿಗೆ ತಿಂಡಿ ಕೊಡಲು ಎದ್ದಳು. ಲಕ್ಕಿ ತಿಂಡಿ ತಿಂದು, ಮಗಳ ತಲೆ ಸವರಿ, ಕುಮಟೆಯ ಬಸ್ಸಿಗೆ ಹೋಗುತ್ತೇನೆಂದು ಹೊರಟಳು. ಬಸ್‌ಸ್ಟ್ಯಾಂಡಿನ ಹತ್ತಿರ ಬಂದು ನಿಂತಳು. ಆಮೇಲೆ ತಿರುಗಿ ಕಾಲೇಜಿನ ದಾರಿ ಹಿಡಿದಳು.

ಕೋಣೆಯಲ್ಲಿ ಸುಪ್ರಿಯಾ ಒಬ್ಬಳೇ ಕಂಪ್ಯೂಟರಿನ ಎದುರು ಇದ್ದಳು. ಲಕ್ಕಿ ಕೂರಲಿಲ್ಲ. ಬಾಗಿಲ ಹತ್ತಿರ ನಿಂತೇ ಹೇಳಿದಳು: "ಸೋಮವಾರದವ್ಕೆ ಅವತ್ತೇ ಸ್ಪಿರಿಟ್ ಹಾಕ್ಲಿಲ್ಲ ತಂಗಿ. ಜೀವಂತ ಇಟ್ಟು ಮಂಗ್ಳವಾರ ಬೆಳಿಗ್ಗೆ ಹಾಕ್ದೆ. ಹತ್ತು ವಾರವೂ."

ಸುಪ್ರಿಯಾಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕಂಪ್ಯೂಟರು ಬಿಟ್ಟು ಪೂರ್ತಿ ಇತ್ತ ತಿರುಗಿದಳು.

"ತಕ್ಷಣ ಅಂತ ಎಷ್ಟು ಸಲ ಹೇಳಿದ್ದೆ ನಾನು!"

"ನೀನು ಹೇಳಿದ್ದೆ. ಮೀನಿಗೆ ಉಪ್ಪು ಹಾಕ್ದಂಗೆ ಹೇಳಿ ಅಂದ್ಕಂಡೆ. ಜೀವ ಇದ್ದದ್ದು ಹಾಳಾಗೂದಿಲ್ಲಲ್ಲ."

"ಆದರೆ ಯಾಕೆ? ಬುಧವಾರ, ಶುಕ್ರವಾರ ಸರಿಯಾಗಿ ಹಾಕಿದ್ದಿ. ಸೋಮವಾರ ಮಾತ್ರ ಯಾಕೆ?"

ಲಕ್ಕಿ ಹೇಳಿದಳು. ಧಾರೇಶ್ವರದಲ್ಲಿ ನಿಂತದ್ದು, ಅದಕ್ಕೂ ಮುಂಚೆ ಬಟ್ಟೆಯಲ್ಲಿ ಸುತ್ತಿ ಕೊಟ್ಟದ್ದನ್ನು ತೆಗೆದುಕೊಂಡದ್ದು. ಹೇಳುವಾಗ ತನ್ನ ದನಿ ಬೇರೆ ಯಾರದೋ ಎಂಬಂತೆ ಕೇಳಿತಂತೆ.

ಸುಪ್ರಿಯಾ ಎದ್ದು ಹೊರಗೆ ಹೋದಳು. ಕಾರಿಡಾರಿನ ತುದಿಯವರೆಗೆ ಹೋಗಿ ಅಲ್ಲೇ ಬೆನ್ನು ತಿರುಗಿಸಿ ನಿಂತಳು. ಬಹಳ ಹೊತ್ತಿನ ಮೇಲೆ ಅವಳು ಬಂದಾಗ ಕಣ್ಣು ಕೆಂಪಾಗಿತ್ತು, ಮಾತಿನಲ್ಲಿ ಸಿಟ್ಟು ಇನ್ನೂ ಇತ್ತು.

"ಸೋಮವಾರ ಆಗುವುದಿಲ್ಲ ಅಂದಿದ್ದರೆ ಮಂಗಳವಾರ ಹಿಡಿಯುತ್ತಿದ್ದೆವಲ್ಲ, ಲಕ್ಕಿಯಕ್ಕ. ನನಗೆ ಸೋಮವಾರವೇ ಆಗಬೇಕು ಅಂತ ಎಲ್ಲಿತ್ತು?"

"ಯಾಕೆ ಆಗೂದಿಲ್ಲ ಹೇಳಿ ನೀನು ಕೇಳ್ತಿದ್ದೆ."

ಸುಪ್ರಿಯಾ ಕುರ್ಚಿ ಎಳೆದು ಲಕ್ಕಿಯನ್ನು ಕೂರಿಸಿದಳು. ನೋಟ್‌ಬುಕ್ ತೆಗೆದು ಒಂದೊಂದಾಗಿ ಕೇಳಿದಳು. ಎಷ್ಟು ಹೊತ್ತಿಗೆ ಹಿಡಿದದ್ದು, ಎಲ್ಲಿ ಇಟ್ಟದ್ದು, ಯಾವಾಗ ಸ್ಪಿರಿಟ್ ಹಾಕಿದ್ದು, ಅಷ್ಟರಲ್ಲಿ ಎಷ್ಟು ಸತ್ತಿದ್ದವು. ಲಕ್ಕಿಗೆ ಎಲ್ಲವೂ ನೆನಪಿತ್ತು. ಹಿಡಿದು ಬರುವಾಗ ಹತ್ತು ಗಂಟೆಯ ಬಸ್ಸು ಹೋಗಿರುತ್ತಿತ್ತು, ಸ್ಪಿರಿಟ್ ಹಾಕಿದ್ದು ದೀಪ ಹಚ್ಚಿದ ಮೇಲೆ. ಬರೆದು ಮುಗಿಸಿ ಸುಪ್ರಿಯಾ ಪೆನ್ನು ಕೆಳಗಿಟ್ಟಳು.

"ಮೂರರಲ್ಲಿ ಒಂದು ಪಾಲು ತೆಗೆದುಹಾಕಬೇಕು," ಎಂದಳು. "ಉಪ್ಪಿನ ಮಾತೂ ಹೋಯಿತು. ತಪ್ಪು ನನ್ನದೂ ಇದೆ. ಒಂದು ಗದ್ದೆಗೆ ವಾರದ ಒಂದೇ ದಿನ ಇಡಬಾರದಿತ್ತು. ದಿನ ಬದಲಿಸುತ್ತ ಹೋಗಿದ್ದರೆ ಇದು ಅವತ್ತೇ ಗೊತ್ತಾಗುತ್ತಿತ್ತು. ಮೊದಲ ವರ್ಷ ಹೀಗಿರಲಿಲ್ಲ ಎಂದು ಕಂಡರೂ, ನನಗೆ ಬೇಕಾದ ಕಾರಣವನ್ನೇ ನಾನು ಹುಡುಕಿದೆ." ನೋಟ್‌ಬುಕ್ ಮುಚ್ಚಿ, "ಸಂಘದವರಿಗೆ ಹುಳು ಇಟ್ಟದ್ದು ಸರಿಯಾಗಲಿಲ್ಲ ಎಂದಷ್ಟೇ ಹೇಳುತ್ತೇನೆ. ನಿನ್ನ ಹರಕೆ ನನ್ನ ಬಾಯಿಂದ ಹೊರಗೆ ಬರುವುದಿಲ್ಲ," ಎಂದಳು.

"ಒಬ್ರಿಗೆ ಹೇಳಿದ್ರೂ ಹೇಳಿದ್ದೇ," ಎಂದಳು ಲಕ್ಕಿ. "ನೀನು ಹಾಗೆ ಹೇಳಿದ್ರೆ ರಾಘು ನಿನ್ನ ಕೆಲ್ಸವೇ ಸರಿ ಇಲ್ಲ ಅಂತಾನೆ. ನಾನೇ ಹೇಳ್ತೆ."

ಮುಂದಿನ ಭಾನುವಾರ ಅದೇ ಶಾಲೆಯ ಜಗಲಿಯಲ್ಲಿ ಅವಳು ಹೇಳಿದಳು. ಈ ಸಲ ಕಂಬದ ಹಿಂದೆ ಅಲ್ಲ, ಮುಂದೆ ನಿಂತು. ಜಟ್ಟಿ ಉಬ್ಬಸದಲ್ಲೇ ನಡೆದು ಬಂದು ಮೆಟ್ಟಿಲ ಮೇಲೆ ಕೂತಿದ್ದ. ಅವನಿಗೂ ಹರಕೆಯ ಸುದ್ದಿ ತಿಳಿದದ್ದು ಅಲ್ಲಿಯೇ. ಯಾರೂ ನಗಲಿಲ್ಲ.

"ನಂಗೊಂದು ಮಾತು ಹೇಳೂಕಾಗ್ಲಿಲ್ವನೇ," ಎಂದ ಜಟ್ಟಿ, ಎಲ್ಲರೂ ಕೇಳುವಂತೆಯೇ.

ರಾಘು ನೆಲ ನೋಡುತ್ತ ಕೂತಿದ್ದ. ಕೊನೆಗೆ, "ಸರಿ ಲಕ್ಕಿಯಕ್ಕ," ಎಂದ. ಅವನು ಅವಳನ್ನು ಹಾಗೆ ಕರೆದದ್ದು ಅದೇ ಮೊದಲು. "ಗೊತ್ತಿಲ್ದೆ ಮದ್ದು ಹೊಡೂದು ಬೇಡ. ಕಟ್ಟೆ ಬದಿಯದ್ದು ಇನ್ನೊಂದು ಮಳೆಗಾಲ ನೋಡ್ವ." ಬಿಸಿಲಿಗೆ ಎದ್ದು ಹೋಗುವಾಗ ಮಾತ್ರ ಕೆಲವು ಹೆಂಗಸರು, ಹೊರುವ ಹರಕೆ ಹೊತ್ತು ತಾನೇ ಒಡೆದುಕೊಂಡಳಲ್ಲ, ಮಗಳ ಗತಿ ಏನು ಎಂದು ಆಡಿಕೊಂಡರು. ಲಕ್ಕಿಗೆ ಅದು ಕೇಳಿಸಿತು.

ಹರಕೆ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲದೆಯೇ ಮುಂದಿನ ಮೂರು ಸೋಮವಾರಗಳನ್ನೂ ಅವಳು ಮೊದಲಿನಂತೆಯೇ ನಡೆಸಿದಳು. ನಾಲ್ಕನೆಯ ಸೋಮವಾರ ಬರುವ ಮುಂಚೆ ಭಾಗ್ಯಳಿಗೆ ನೋವು ಬಂತು, ದಿನ ತುಂಬುವ ಮುಂಚೆಯೇ. ಹೆಣ್ಣು ಕೂಸು. ಅಂಗೈಯಲ್ಲಿ ಹಿಡಿಯಬಹುದಾದಷ್ಟು ಸಣ್ಣದು. ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ದಿನಕ್ಕೆರಡು ಸಲ ನೋಡಲು ಬಿಡುತ್ತಿದ್ದರು. ಲಕ್ಕಿ ಹೊರಗಿನ ಬೆಂಚಿನ ಮೇಲೆ ಕೂತು ಯಾವುದನ್ನೂ ಬೇಡಲಿಲ್ಲ. ಬೇಡಲು ತನಗೆ ಮುಖವಿಲ್ಲ ಎಂದು ಆಗ ಅನಿಸಿತ್ತಂತೆ. ಹದಿನೆಂಟನೆಯ ದಿನ ಕೂಸನ್ನು ಅವಳ ಕೈಗೆ ಕೊಟ್ಟರು. ಉಸಿರಾಡುತ್ತಿತ್ತು, ಬಿಸಿಯಾಗಿತ್ತು.

ಸುಪ್ರಿಯಾ ಸಂದರ್ಶನಕ್ಕೆ ಹೋಗಿ, ಮೂರರಲ್ಲಿ ಒಂದು ಪಾಲು ಬಿಟ್ಟಿದ್ದೇಕೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿದಳು. ಕೆಲಸ ಬೇರೆಯವರಿಗೆ ಆಯಿತು. ಅವಧಿ ಮುಗಿದ ಮೇಲೆ ಭಟ್ಕಳಕ್ಕೆ ಹಿಂದಿರುಗಿ, ಎರಡೇ ಗದ್ದೆಗಳ ಲೇಖನವನ್ನು ಮತ್ತೆ ಬರೆಯುತ್ತಿದ್ದಾಳೆ. ಈ ಮಳೆಗಾಲ ಕಟ್ಟೆಯ ಬದಿಯ ಹುಳುಗಳನ್ನು ತಾನೇ ಬಂದು ಹಿಡಿಯುತ್ತೇನೆ ಎಂದಿದ್ದಾಳೆ, ಶೀಸೆಗಳನ್ನು ಪರೀಕ್ಷಿಸಲು ಹಣದ ದಾರಿ ಇನ್ನೂ ಕಂಡಿಲ್ಲ. ಅವಳು ಲಕ್ಕಿಯನ್ನು ದೂರಿದ್ದಿಲ್ಲ, ಬೇಸರವಿಲ್ಲ ಎಂದೂ ಹೇಳಿದ್ದಿಲ್ಲ.

ಕೂಸು ಮನೆಗೆ ಬಂದ ಮೇಲಿನ ಸೋಮವಾರ ಲಕ್ಕಿ ಹರಕೆ ಒಪ್ಪಿಸಲು ಧಾರೇಶ್ವರಕ್ಕೆ ಹೋದಳು. ಹಣ್ಣುಕಾಯಿ ಕೊಟ್ಟು, ಎರಡು ಅರ್ಚನೆ ಎಂದಳು. ಮೊದಲನೆಯದು ಯಾರ ಹೆಸರಿಗೆ ಎಂದರು ಭಟ್ಟರು.

"ಕೂಸಿಗೆ. ಹೆಸರಿಟ್ಟಿಲ್ಲ ಇನ್ನೂ."

"ಭಾಗ್ಯಲಕ್ಷ್ಮಿಯ ಶಿಶು ಅನ್ನುವಾ. ಎರಡನೇದು?"

"ಸುಪ್ರಿಯಾ."

"ನಕ್ಷತ್ರ?"

ಅದು ಲಕ್ಕಿಗೆ ಗೊತ್ತಿರಲಿಲ್ಲ. ಸ್ವಲ್ಪ ನಿಲ್ಲಿ ಎಂದು ಹೇಳಿ, ಹೊರಗೆ ಬಂದು ಫೋನು ಹಚ್ಚಿದಳು. ಹರಕೆ ಒಡೆದ ದಿನದಿಂದ ಅವರಿಬ್ಬರು ಕೆಲಸದ ಮಾತಲ್ಲದೆ ಬೇರೆ ಆಡಿರಲಿಲ್ಲ.

"ತಂಗಿ, ನಿನ್ನ ನಕ್ಷತ್ರ ಎಂತದೆ?"

"ನಂಗೆ ಗೊತ್ತಿಲ್ಲ ಲಕ್ಕಿಯಕ್ಕ. ಇರು, ಅಮ್ಮನ ಹತ್ತಿರ ಕೇಳ್ತೆ." ಅಂಗಡಿಯ ಸದ್ದು, ಕೊಂಕಣಿಯಲ್ಲಿ ಯಾರನ್ನೋ ಕೂಗಿದ್ದು, ಹೆಜ್ಜೆಯ ಸಪ್ಪಳ ಕೇಳಿತು. ಭಟ್ಟರು ಒಳಗಿನಿಂದ, "ಆತಾ?" ಎಂದರು.

"ಒಂದ್ನಿಮಿಷ, ಒಡೆಯಾ," ಎಂದಳು ಲಕ್ಕಿ. ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾದಳು. "ಅಮ್ಮನ ಹತ್ರ ಕೇಳೂಕೆ ಹೋಗಿದೆ ಅದು."